ಮಿರ್ಜಾ ಕೆಳಗಿನ ಒತ್ತಕ್ಷರ

ಆಸೀಮನ ವಾಯ್ಸ್ ನೋಟು
ಕಜಾನ್, ರಷ್ಯಾ. 2 ನವೆಂಬರ್ 2025, ರಾತ್ರಿ

ಅಲ್ಲ ನೂರೀನಕ್ಕ, ನೀನ ಹೇಳು. ಗ್ಲೌಸ್ ಹಾಕ್ಕೊಂಡ್ರ ನಟ್ಟು ಕೈಯಾಗ ನಿಲ್ಲಂಗಿಲ್ಲ, ತಗದ್ರ ಬೆರಳು ಮರಗಟ್ಟತಾವ. ಕೆಲಸ ಹೆಂಗ ಆಗಬೇಕು? ಮುಂಜಾನಿಂದ ಒಂದ ಬಸ್ಸಿನ ಕೆಳಗ ಮಕ್ಕೊಂಡೀನಿ. ಅದರ ಮ್ಯಾಲ ಆ ಫೋರ್‌ಮನ್ ರಿನಾತ್ ಬಂದು ಬಂದು 'ದವಾಯ್ ದವಾಯ್' ಅಂತಾನ. ಮೊದಲನೇ ದಿನ ಪಾಪ, ಮೈಯಾಗ ಹುಷಾರಿಲ್ಲ, ದವಾಯಿ ಕೇಳಾಕತ್ತಾನ ಅಂತ ಬ್ಯಾಗಿನಾಗಿಂದ ಜ್ವರದ ಗುಳಿಗಿ ತಗದು ಕೊಟ್ಟಿದ್ದೆ. ಆಮ್ಯಾಲ ಗೊತ್ತಾತು, ಅದು ಲಗೂ ಲಗೂ ಅನ್ನಾದು ಅಂತ. ಗುಳಿಗಿ ಮಾತ್ರ ವಾಪಸ್ ಕೊಡ್ಲಿಲ್ಲ.

ಈಗ ಮೆಟ್ಟಿಲ ಮ್ಯಾಲ ಕುಂತು ಮಾತಾಡಾಕತ್ತೀನಿ. ರೂಮಿನಾಗ ಇಬ್ಬರು ಗೊರಕಿ ಹೊಡಿಯಾಕತ್ತಾರ, ಒಬ್ಬ ನಿಲ್ಲಿಸಿದ್ರ ಇನ್ನೊಬ್ಬ ಶುರು ಮಾಡ್ತಾನ. ನನಗ ನಿದ್ದಿ ಬರಂಗಿಲ್ಲ. ಮೊದಲಿಂದನೂ ಹಂಗ ಅಲ್ಲೇನು.

ಹಾಂ, ಹೇಳಾದು ಮರತಿದ್ದೆ. ನಿನ್ನ ತಮ್ಮ ಇವತ್ತು ಸರದಾರ ಆದ. ಹೊಸ ಕಾರ್ಡ್ ಮಾಡಾಕ ಪಾಸ್‌ಪೋರ್ಟ್ ಕೇಳಿದ್ರು. ರಿನಾತ್ ಅದರಾಗ 'ಮಿರ್ಜಾ' ಅಂತ ಇರಾದು ಓದಿ ಸೀಟಿ ಹೊಡದ. ಅವತ್ತಿಂದ, ಅಂದ್ರ ಮುಂಜಾನಿಂದ, ಡಿಪೋದಾಗ ಎಲ್ಲಾರೂ ನನಗ 'ಮುರ್ಜಾ' ಅನ್ನಾಕತ್ತಾರ. ಅರ್ಧ ಚೇಷ್ಟಿ, ಅರ್ಧ ಖರೇನ.

ಇಲ್ಲಿ ಭಾಳ ಮಂದಿ ತಾತಾರರು. ನಮ್ಮಂಗ ಮುಸಲ್ಮಾನರು. ಸಾಬೂನಿಗಿ ಸಾಬಿನ್ ಅಂತಾರ, ದುನಿಯಾಕ್ಕ ದೊನ್ಯಾ ಅಂತಾರ, ದೊಡ್ಡಾಕಿಗಿ ಅಪಾ ಅಂತಾರ. ಡಿಪೋ ಕ್ಯಾಂಟೀನಿನಾಗ ಅಲ್ಫಿಯಾ ಅಪಾ ಅಂತ ಒಬ್ಬಾಕಿ ಅದಾಳ, ಅಡಗಿ ಮಾಡಾಕಿ, ನಮ್ಮ ಅಜ್ಜಿಕಿಂತ ಸ್ವಲ್ಪ ಸಣ್ಣಾಕಿ. ಆಕಿ ಫೋನಿನ ಮುಂದ ಮಾತಾಡ್ತಾಳ, ಫೋನು ಅದನ್ನ ಹಿಂದಿ ಮಾಡಿ ನನಗ ಹೇಳ್ತೈತಿ. ಮುರ್ಜಾ ಅಂದ್ರ ಏನಂತ ಆಕಿನ ಹೇಳಿದ್ಲು. ಹಿಂದ ಇಲ್ಲಿ ಖಾನ ಇದ್ದ. ಅವನ ಕೆಳಗ ಬೆಕ್ ಅಂತ ದೊರಿಗಳು. ಅಂಥವರ ವಂಶದ ಗಂಡುಮಗ ಮುರ್ಜಾ, ಹೆಣ್ಣುಮಗಳು ಬಿಕಾ. ಖಾನ ಯಾರಿಗಿ ಸುಂಕ ಮಾಫಿ ಮಾಡ್ತಿದ್ನೋ ಅವನು ತಾರ್ಖಾನ್. ನಮ್ಮ ಕಡಿ ದೇಸಾಯಿ, ನಾಯಕ, ನಾಡಗೌಡ ಇದ್ದಂಗ ಅನ್ನು. ಅಧಿಕಾರ ಹೋತು, ಹೆಸರು ಉಳೀತು. ಮುರ್ಜಾಗಳ ಮಕ್ಕಳು ಮುರ್ಜಿನ್ ಆದ್ರು, ಬೆಕ್‌ಗಳ ಮಕ್ಕಳು ಬೆಕೊವ್ ಆದ್ರು. ನಮ್ಮ ಸ್ಟೋರಿನವನು ತಾರ್ಖಾನೊವ್ ಅದಾನ. ಒಂದ ಬೋಲ್ಟ್ ಕೊಡಾಕ ನನ್ನ ಕಡಿಂದ ಮೂರು ಸಹಿ ತಗೊಂತಾನ, ಅವರ ಮುತ್ತ್ಯಾಗ ಮಾತ್ರ ಎಲ್ಲಾ ಮಾಫಿ.

ಅಪಾನ ಅಡ್ಡಹೆಸರು ಏನಪಾ ಅಂದ್ರ ತಿಮೆರ್ಚೆವಾ. ಕಮ್ಮಾರರಾಕಿ ಅಂತ ಅರ್ಥ. ಕಮ್ಮಾರರ ಮನಿಯಾಕಿಗಿ ಸರದಾರರ ಉಸಾಬರಿ ಯಾಕ ಅಂತ ನಾನೂ ಕೇಳ್ಲಿಲ್ಲ.

ಈಗ ಮಾತು ಏನಂದ್ರ, ತಿಂಗಳ ಕೊನಿಗಿ ಹಳೇ ಮುರ್ಜಾ ಮನಿತನದವರು ಯಾರದೋ ಮನಿಯಾಗ ಕೂಡತಾರಂತ. ಹುಡುಗರು ಎದ್ದು ನಿಂತು ಏಳು ತಲಿಯ ಅಜ್ಜಂದಿರ ಹೆಸರು ಹೇಳಬೇಕಂತ. ನೀನೂ ಬಾ ಅಂದಾಳ ಅಪಾ. ನನಗ ಅಪ್ಪ ಗೊತ್ತು, ಅಜ್ಜ ಗೊತ್ತು. ಉಳಿದವರನ್ನ ಅಜ್ಜಿನ ಕೇಳಿ ಕಳಸು.

ಹರಪನಹಳ್ಳಿಯವರು ನಿನ್ನ ನೋಡಾಕ ಬರ್ತಾರ ಅಂದಿದ್ರಲ್ಲ, ಏನಾತು? ಅಪ್ಪನ ಕೇಳಿದ್ರ ಬರೇ ನಗ್ತಾನ. ಅಪ್ಪ ಹಂಗ ನಕ್ಕ ಅಂದ್ರ ಏನೋ ಮಾಡ್ಯಾನ ಅಂತ ಅರ್ಥ. ಹೇಳು.


ನೂರೀನ ಬರೆದದ್ದು
ಹಗರಿಬೊಮ್ಮನಹಳ್ಳಿ, 6 ನವೆಂಬರ್

ಆಸೀಮ,

ನಿನ್ನ ದನಿಯನ್ನು ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದೆ. ನಾನೂ ಮಾತಾಡಿ ಕಳಿಸೋಣವೆಂದರೆ ನಮ್ಮ ಮನೆಯ ಗೋಡೆಗಳು ನಿನಗೆ ಗೊತ್ತು. ಇಲ್ಲಿ ಒಳಗೆ ಕೆಮ್ಮಿದರೆ ಮುಂದಿನ ಅಂಗಡಿಯಲ್ಲಿ ಕೂತ ಅಪ್ಪ "ಶುಂಠಿ ಕುಡಿ" ಅನ್ನುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಪುಸ್ತಕದಂಗ ಬರೀತೀಯ ಎಂದು ಆಡಿಕೊಳ್ಳಬೇಡ. ತಂಬ್ರಹಳ್ಳಿಯ ಶಾಲೆಯಲ್ಲಿ ದಿನವಿಡೀ ಮಕ್ಕಳ ಒತ್ತಕ್ಷರ ತಿದ್ದುವವಳಿಗೆ ಬೇರೆ ರೀತಿ ಬರೆಯಲು ಕೈ ಬರುವುದಿಲ್ಲ.

ಅಪ್ಪ ಏನು ಮಾಡಿದ್ದಾನೆ ಎಂದು ಕೇಳಿದ್ದೀಯ. ಹರಪನಹಳ್ಳಿಯವರಿಗೆ ನಾವು ಮಿರ್ಜಾ ಮನೆತನದವರು ಎಂದು ಹೇಳಿದ್ದಾನೆ.

ಆ ಹೆಸರು ಹೇಗೆ ಬಂತೆಂದು ನೀನೇ ಮರೆತ ಹಾಗಿದೆ. ನಿನ್ನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ದಿನ ಅಪ್ಪನ ಬಾಯಿತುಂಬ ಎಲೆ ಅಡಿಕೆ ಇತ್ತು. ಆನ್‌ಲೈನ್ ಸೆಂಟರಿನ ಹುಡುಗ, "ಆಸೀಮ ಎಂ. ಅಂತ ಐತಿ, ಎಂ ಅಂದ್ರ ಏನ್ರಿ?" ಎಂದ. ಅಪ್ಪ ಮಿಸ್ತ್ರಿ ಎಂದದ್ದು ಅವನಿಗೆ ಮಿರ್ಜಾ ಎಂದು ಕೇಳಿಸಿತು. ಪಾಸ್‌ಪೋರ್ಟು ಮನೆಗೆ ಬಂದಾಗ ನೀನು ನಕ್ಕು ಉರುಳಾಡಿದೆ. ಅಪ್ಪ ನಗಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

ನೀನು ವಿಮಾನ ಹತ್ತಿದ ವಾರವೇ ಬೋರ್ಡು ಬರೆಯುವ ಮಂಜಣ್ಣನನ್ನು ಕರೆಸಿದ. ಅಂಗಡಿಯ ಮೇಲಿನ 'ಮಿಸ್ತ್ರಿ ಮೋಟರ್ ವರ್ಕ್ಸ್' ಹೋಗಿ 'ಮಿರ್ಜಾ ಮೋಟರ್ ವರ್ಕ್ಸ್' ಆಯಿತು. "ಮಿ ಹಂಗ ಇರ್ಲಿ ರಾಜಾಸಾಬ, ಉಳಿದದ್ದಷ್ಟ ಬಳೀತೀನಿ" ಎಂದ ಮಂಜಣ್ಣ. ಹಾಗಾಗಿ ಮಿ ಹಳೆಯ ಕೆಂಪು, ರ್ಜಾ ಹೊಸ ಕೆಂಪು. ಕೆಳಗೆ ಒತ್ತಕ್ಷರಗಳಿದ್ದ ಜಾಗಕ್ಕೆ ಹಳದಿ ಬಳಿದು ಮುಚ್ಚಿದ್ದಾನೆ.

ಅವರು ಭಾನುವಾರ ಬಂದಿದ್ದರು. ನಿಜವಾದ ಮಿರ್ಜಾಗಳು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಮನೆಯಲ್ಲಿ ಉರ್ದು. ಅವರು ಬರುವ ಮುಂಚೆ ಅಪ್ಪ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದ. ಅವತ್ತೊಂದು ದಿನ ತನ್ನನ್ನು ಅಪ್ಪ ಅನ್ನಬಾರದು, ಅಬ್ಬಾ ಅನ್ನಬೇಕು. ಕನ್ನಡ ಆಡಬಾರದು. ಅಜ್ಜಿ ಒಳಗೇ ಇರಬೇಕು. ಅವ್ವ ಅಡಿಗೆಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹುಡುಗನ ತಾಯಿ ಮುಬೀನಾ ಅವರು ಹೊಸಿಲು ದಾಟಿದರೋ ಇಲ್ಲವೋ, ನಮ್ಮ ಅಜ್ಜಿ ಸೈದಾ ಬೀ ಒಳಗಿನಿಂದ ಬಂದು, "ಬರ್ರವ್ವ, ಕುಂದರ್ರಿ, ಬಿಸಿಲಾಗ ಬಂದೀರಿ" ಅಂದಳು. ಮುಬೀನಾ ಅವರಿಗೆ ಅದೇ ಹಿತವಾದ ಹಾಗಿತ್ತು. ಅಲ್ಲಿಂದ ಹರಪನಹಳ್ಳಿಯ ಕನ್ನಡದಲ್ಲೇ ಮಾತಾಡಿದರು. ಆದರೆ ನೀವು ಯಾವ ಕಡೆಯ ಮಿರ್ಜಾಗಳು ಎಂದು ಕೇಳದೆ ಬಿಡಲಿಲ್ಲ. ಅಪ್ಪ ಅದು ದೊಡ್ಡ ಕಥೆ, ನಿಧಾನಕ್ಕೆ ಹೇಳುತ್ತೇನೆ ಎಂದು ಶಾವಿಗೆಯ ಬಟ್ಟಲು ಮುಂದೆ ಸರಿಸಿದ.

ಹುಡುಗನೂ ಬಂದಿದ್ದ. ಮುಬಶ್ಶಿರ ಅಂತ. ಚಹಾ ಕುಡಿದು ಹೋದ.

ಅಜ್ಜಂದಿರ ಹೆಸರು ಅಜ್ಜಿಯನ್ನು ಕೇಳಿದೆ. ಮಿರ್ಜಾಗಳ ಸಭೆಗೆ ಅಂದೊಡನೆ ಮುಖ ತಿರುವಿದಳು. ಇನ್ನೊಮ್ಮೆ ಕೇಳುತ್ತೇನೆ. ಗ್ಲೌಸಿನ ಬೆರಳ ತುದಿ ಕತ್ತರಿಸಿ ಹಾಕಿಕೊಂಡು ನೋಡು.

ನಿನ್ನ ಅಕ್ಕ


ಆಸೀಮನ ವಾಯ್ಸ್ ನೋಟು
ಕಜಾನ್, 9 ನವೆಂಬರ್, ರಾತ್ರಿ

ಅಕ್ಕ, ಗ್ಲೌಸಿನ ತುದಿ ಕತ್ತರಿಸಿದೆ. ಕೆಲಸ ಆಗ್ತೈತಿ. ಆದ್ರ ಸ್ಟೋರಿನ ತಾರ್ಖಾನೊವ್ ನೋಡಿ, ಸರ್ಕಾರದ ಆಸ್ತಿ ಹಾಳು ಮಾಡಿದಿ ಅಂತ ಬೈದ. ಬೈಲಿ.

ನಿಂದು ಓದಿದೆ. ಚಹಾ ಕುಡದು ಹೋದ ಅಂತ ಬರದಿಯಲ್ಲ, ಅಷ್ಟರಾಗ ನನಗ ತಿಳೀತು. ಹುಡುಗ ನಿನಗ ಅಷ್ಟಕ್ಕಷ್ಟ. ಆದ್ರ ಮನಿತನ ದೊಡ್ಡದು, ಕೈ ತಪ್ಪಿದ್ರ ಅಪ್ಪ ನೊಂದ್ಕೊಂತಾನ ಅಂತ ನಿನಗ ಚಿಂತಿ. ಯಾ ಕಡಿ ಮಿರ್ಜಾ ಅಂತ ಕೇಳಿದ್ದಕ್ಕ ಅಪ್ಪಗ ಜವಾಬು ಬರ್ಲಿಲ್ಲ ಅಂತ ಅಂಜಿ ಬರದೀ. ಅಂಜಬ್ಯಾಡ. ನಿನ್ನ ತಮ್ಮ ಸುಮ್ಮನ ಇಷ್ಟು ದೂರ ಬಂದಾನೇನು?

ಅಪ್ಪಗ ಫೋನ್ ಹಚ್ಚಿ ಎಲ್ಲಾ ಹೇಳಿಕೊಟ್ಟೀನಿ. ನಮ್ಮ ಹಿರೇರು ಕಜಾನಿನ ಮುರ್ಜಾಗಳು. ಕುದುರಿ ಮ್ಯಾಲ ಹಿಂದುಸ್ತಾನಕ್ಕ ಬಂದ್ರು, ದಕ್ಷಿಣಕ್ಕ ಇಳದ್ರು, ಹಗರಿ ಹೊಳಿ ದಂಡಿಗಿ ನಿಂತ್ರು. ಈಗ ಮಗ ತಿರುಗಿ ಹಿರೇರ ಊರಿಗೇ ಹೋಗ್ಯಾನ. ಹೆಂಗೈತಿ? ಬೆಕ್, ತಾರ್ಖಾನ್ ಎಲ್ಲಾ ನಡುನಡುಕ ಹಾಕು ಅಂದೀನಿ. ಅಪ್ಪ ಸುಮ್ಮನ ಕೇಳಿ, ಯಾ ಬಣ್ಣದ ಕುದುರಿ ಅಂತ ಕೇಳಿದ್ರ ಏನನ್ಲಿ ಅಂದ. ಬಿಳೇದು ಅನ್ನು ಅಂದೆ.

ಅಲ್ಲಕ್ಕ, ಯಾರಿಗಿ ಏನು ನಷ್ಟ? ನನಗ ಇಲ್ಲಿ ಒಂದ ಹೆಸರಿನಿಂದ ಮರ್ಯಾದಿ ಹೆಂಗ ಬದಲಾತು ಗೊತ್ತೇನು. ಮೊದಲು ಕ್ಯಾಂಟೀನಿನಾಗ ಸೌಟು ಎತ್ತಿ ಹಾಕ್ತಿದ್ರು, ಈಗ ಅಪಾ ಕುಂದ್ರಿಸಿ ಬಡಸ್ತಾಳ. ನಿನಗೂ ಹಂಗ ಆಗ್ಲಿ ಅಂತ. ಅಷ್ಟ. ಅಜ್ಜಂದಿರ ಹೆಸರು ಮರೀಬ್ಯಾಡ, ಏಳು ಬೇಕು.


ನೂರೀನ ಬರೆದದ್ದು
ಹಗರಿಬೊಮ್ಮನಹಳ್ಳಿ, 17 ನವೆಂಬರ್

ಆಸೀಮ,

ಎಂಟು ದಿನದಿಂದ ಬರೆಯಲಿಲ್ಲ. ಸಿಟ್ಟು ಬಂದಾಗ ಬರೆಯಬಾರದು ಎಂದು ಮಕ್ಕಳಿಗೆ ಹೇಳುತ್ತೇನೆ, ನಾನೂ ಪಾಲಿಸಿದೆ.

ಅಪ್ಪ ಹರಪನಹಳ್ಳಿಗೆ ಹೋಗಿ ನಿನ್ನ ಕುದುರೆಯನ್ನು ಓಡಿಸಿ ಬಂದ. ಮುಬೀನಾ ಅವರಿಗೆ ಕಥೆ ಬಹಳ ಹಿಡಿಸಿತಂತೆ. ಇದೇ ಭಾನುವಾರ ನಾಲ್ಕು ಜನ ಹಿರಿಯರೊಂದಿಗೆ ಮಾತು ಮುಗಿಸಲು ಬರುತ್ತಾರೆ. ಅವರಲ್ಲಿ ಒಂದು ಪದ್ಧತಿಯಂತೆ. ಹೆಣ್ಣಿನ ಕಡೆಯವರು ತಮ್ಮ ವಂಶವನ್ನು ಎಲ್ಲರ ಮುಂದೆ ಬಾಯಲ್ಲಿ ಹೇಳಬೇಕು. ನಾನು ಟೀಚರು, ಚೆನ್ನಾಗಿ ಮಾತಾಡುತ್ತೇನೆ, ಅದಕ್ಕೆ ನಾನೇ ಹೇಳಬೇಕೆಂದು ಅಪ್ಪ ಒಪ್ಪಿಕೊಂಡು ಬಂದಿದ್ದಾನೆ.

ಅಪ್ಪ ಕುದುರೆಯ ಕಥೆಯನ್ನು ಮನೆಯಲ್ಲಿ ಹೇಳುತ್ತಿದ್ದಾಗ ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಕುದುರಿ ಅಂತ. ನಮ್ಮ ಮನ್ಯಾಗ ಒಂದು ಕತ್ತೆನೂ ಇರಲಿಲ್ಲ" ಎಂದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕೂರಿಸಿ ಹೇಳಿದ್ದನ್ನು ನಿನಗೆ ಬರೆಯುತ್ತಿದ್ದೇನೆ. ನೀನು ಕೇಳಿದ್ದ ವಂಶ ಇದೇ.

ಅಜ್ಜನನ್ನು ತಂಬ್ರಹಳ್ಳಿಯಲ್ಲಿ ಮೊದಲು ಯಾರೂ ನೂರಸಾಬ ಎನ್ನುತ್ತಿರಲಿಲ್ಲವಂತೆ. ನೂರ್ಯಾ. ಕಮ್ಮಾರ ನಾಗಪ್ಪನ ಕುಲುಮೆಯಲ್ಲಿ ತಿದಿ ಒತ್ತುವ ನೂರ್ಯಾ. ಊರಿಗೆ ಆಗ ಹೊಸದಾಗಿ ಒಂದು ಎಣ್ಣೆ ಇಂಜಿನ್ ಬಂದಿತ್ತು, ಬಾವಿಯೊಳಗಿನ ಕಟ್ಟೆಯ ಮೇಲೆ ಕೂರಿಸಿದ್ದರು. ಅದು ನಿಂತುಹೋಯಿತು. ಹೊಸಪೇಟೆಯಿಂದ ರಿಪೇರಿಯವರು ಬಂದು ನೋಡಿ, ಆಗುವುದಿಲ್ಲ ಎಂದು ಹೋದರು. ಅಜ್ಜ ಬಾವಿಗಿಳಿದ. ಇಂಜಿನನ್ನು ಪೂರ್ತಿ ಬಿಚ್ಚಿ, ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಕಂಬಳಿಯ ಮೇಲೆ ಇಟ್ಟು, ಸವೆದ ಒಂದು ತುಂಡನ್ನು ನಾಗಪ್ಪನ ಕುಲುಮೆಯಲ್ಲಿ ಕಾಸಿ ಬಡಿದು ಕೂರಿಸಿದ. ಇಂಜಿನ್ ಎದ್ದಿತು. ಎಲ್ಲರೂ ಬಾವಿಯ ಸುತ್ತ ನಿಂತಿದ್ದರು. ಮೇಲೆ ಹತ್ತಿ ಬರಲು ನಾಗಪ್ಪ ಕೈ ಚಾಚಿ, "ಹಿಡಕೋ ಮಿಸ್ತ್ರಿ" ಎಂದನಂತೆ. ತನ್ನ ತಿದಿ ಒತ್ತುವವನಿಗೆ.

"ಅವತ್ತಿಂದ ನೂರ್ಯಾ ಹೋದ, ನೂರಸಾಬ ಮಿಸ್ತ್ರಿ ಬಂದ" ಎಂದಳು ಅಜ್ಜಿ. "ಕೊಟ್ಟಾತ ಖಾನನೂ ಅಲ್ಲ, ನವಾಬನೂ ಅಲ್ಲ. ಅದರ ಮ್ಯಾಲ ಬಣ್ಣ ಹೊಡದು ನಿಮ್ಮಪ್ಪ ದೊಡ್ಡವನಾಗ್ಯಾನ."

ಹೆಸರುಗಳು ಇಷ್ಟೇ: ರಾಜಾಸಾಬ, ನೂರಸಾಬ, ಪೀರಸಾಬ, ಇಮಾಮಸಾಬ. ಅದರ ಹಿಂದಿನದು ಅಲ್ಲಾಹನಿಗೆ ಗೊತ್ತು ಎಂದಳು. ನಾಲ್ಕೇ, ಆಸೀಮ. ಏಳು ಇಲ್ಲ.

ಇನ್ನೊಂದು ಮಾತು. ಚಹಾ ಕುಡಿದು ಹೋದ ಎಂದು ಬರೆದಿದ್ದೆ. ಅದು ಪೂರ್ತಿಯಲ್ಲ. ಕುಡಿದ ಲೋಟವನ್ನು ಅವನೇ ಒಳಗೆ ತಂದಿಟ್ಟ. ನಿಮ್ಮ ಶಾಲೆಯ ಮಕ್ಕಳು ಏನನ್ನು ಹೆಚ್ಚು ತಪ್ಪು ಬರೆಯುತ್ತಾರೆ ಎಂದು ಕೇಳಿದ. ಒತ್ತಕ್ಷರ ಎಂದೆ. "ನಂಗೂ ಬರೆಯಾಕೆ ಬರಲ್ಲ, ಓದಾಕೆ ಮಾತ್ರ ಬರ್ತದೆ" ಎಂದು ನಕ್ಕ. ಇದನ್ನು ತಮ್ಮನಿಗೆ ಬರೆಯಲು ನಾಚಿಕೆಯಾಗಿತ್ತು. ನೀನು ತಪ್ಪು ತಿಳಿದೆ. ನನಗೆ ಆ ಮನೆಗೆ ಹೋಗಬೇಕೆಂದಿದೆ. ಅದಕ್ಕೇ ಭಾನುವಾರ ಕುದುರೆಯನ್ನು ಬಿಟ್ಟು ಇಂಜಿನ್ನಿನ ಕಥೆ ಹೇಳಬೇಕೆಂದಿದ್ದೇನೆ. ಒಂದು ಸುಳ್ಳನ್ನು ಹೊತ್ತುಕೊಂಡು ಹೋದರೆ ಆ ಮನೆಯಲ್ಲಿ ಆಯುಷ್ಯವಿಡೀ ಅಪ್ಪನನ್ನು ಅಬ್ಬಾ ಎನ್ನಬೇಕಾಗುತ್ತದೆ.

ಅಕ್ಕ


ಆಸೀಮನ ವಾಯ್ಸ್ ನೋಟು
ಕಜಾನ್, 18 ನವೆಂಬರ್, ರಾತ್ರಿ

ನಿನಗ ತಲಿ ಕೆಟ್ಟೈತೇನು? ಹುಡುಗ ಬೇಕು ಅಂತೀ, ಕೈಯಾರ ಕೆಡಸ್ಕೊಂತೀನಿ ಅಂತೀ. ಅವರು ಎದ್ದು ಹೋಗ್ತಾರ, ಅಕ್ಕ. ಹರಪನಹಳ್ಳಿಯಿಂದ ಕೊಟ್ಟೂರಿನ ತನ ಸುದ್ದಿ ಹರಡ್ತೈತಿ, ರಾಜಾಸಾಬ ಹಿಂಗ ಸುಳ್ಳು ಹೇಳಿದ ಅಂತ. ಅಪ್ಪ ಅಂಗಡಿ ಮುಂದ ಹೆಂಗ ಕುಂದರಬೇಕು? ಮದಿವಿ ಆದ ಮ್ಯಾಲ ಹೇಳು, ಮಕ್ಕಳಾದ ಮ್ಯಾಲ ಹೇಳು, ಯಾರು ಬ್ಯಾಡ ಅಂತಾರ.

ಮತ್ತ ನಾಲ್ಕು ಹೆಸರು ಇಟ್ಕೊಂಡು ನಾನು ಇಲ್ಲಿ ಏನು ಮಾಡ್ಲಿ? ಎಲ್ಲಾ ನಿಂದ ಆತು. ನೀನು ಹೇಳಿದ್ರ ನಾನು ಮಾತಾಡಂಗಿಲ್ಲ. ಖರೇನ ಮಾತಾಡಂಗಿಲ್ಲ.


ನೂರೀನ ಬರೆದದ್ದು
ಹಗರಿಬೊಮ್ಮನಹಳ್ಳಿ, 24 ನವೆಂಬರ್

ಆಸೀಮ,

ಹೇಳಿದೆ.

ಹಿರಿಯರು ಚಾಪೆಯ ಮೇಲೆ, ಮುಬೀನಾ ಅವರು ಮಂಚದ ಮೇಲೆ ಕೂತಿದ್ದರು. ಮುಬಶ್ಶಿರ ಬಾಗಿಲ ಬಳಿ ಇದ್ದ. ಹೇಳಮ್ಮ ಅಂದರು. ಅಪ್ಪ ನನ್ನ ಮುಖ ನೋಡಿದ. ಶಾಲೆಯಲ್ಲಿ ಪದ್ಯ ಹೇಳುವ ಮಗುವಿಗೆ ಎದುರು ಕೂತ ತಂದೆ ತುಟಿಯಾಡಿಸಿ ನೆನಪು ಮಾಡುತ್ತಾನಲ್ಲ, ಹಾಗೆ ಅವನ ತುಟಿ ಅಲುಗುತ್ತಿತ್ತು. ನನಗೆ ಅಳು ಬಂತು. ನುಂಗಿಕೊಂಡೆ.

"ನಾವು ಮಿರ್ಜಾ ಅಲ್ರಿ. ಮಿಸ್ತ್ರಿ" ಎಂದೆ.

ಆಮೇಲೆ ಬಾವಿ, ಇಂಜಿನ್, ಕಂಬಳಿ, ನಾಗಪ್ಪನ ಕೈ ಎಲ್ಲ ಹೇಳಿದೆ. ನಾಲ್ಕು ಹೆಸರು ಹೇಳಿ ನಿಲ್ಲಿಸಿದೆ. ಒಬ್ಬ ಹಿರಿಯರು ಕೆಮ್ಮಿದರು. ಅಪ್ಪ ಎದ್ದು ನೀರು ತರುತ್ತೇನೆಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಮುಬೀನಾ ಅವರು ನನ್ನನ್ನೇ ನೋಡಿ, ಬರ್ತೀವಿ ಎಂದು ಎದ್ದರು. ಬರ್ತೀವಿ ಅನ್ನುವುದು ಹೋಗುವಾಗ ಎಲ್ಲರೂ ಹೇಳುವ ಮಾತು, ಅದರಿಂದ ಏನೂ ತಿಳಿಯುವುದಿಲ್ಲ. ಮುಬಶ್ಶಿರ ರಸ್ತೆಯ ಆಚೆ ನಿಂತು ನಮ್ಮ ಬೋರ್ಡನ್ನು ಬಹಳ ಹೊತ್ತು ನೋಡಿದ. ನನ್ನ ಕಡೆ ನೋಡಲಿಲ್ಲ.

ಅಪ್ಪ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯಲ್ಲಿ ಮೋಟರ್ ಬಿಚ್ಚಿಕೊಂಡು ಕೂತಿದ್ದಾನೆ. ಊಟಕ್ಕೆ ಕರೆದರೆ ಬರುತ್ತಾನೆ, ತಲೆ ತಗ್ಗಿಸಿ ಉಂಡು ಹೋಗುತ್ತಾನೆ.

ಅಕ್ಕ


ನೂರೀನ ಬರೆದದ್ದು
29 ನವೆಂಬರ್

ಓದಿದ್ದೀಯ ಎಂದು ಎರಡು ನೀಲಿ ಗೆರೆ ತೋರಿಸುತ್ತಿವೆ. ಮಾತಾಡುವುದಿಲ್ಲ ಎಂದಿದ್ದೀಯ, ಸರಿ. ಮಾತಾಡಬೇಡ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಮಲಗುತ್ತೀಯಾ, ಅದಷ್ಟು ಹೇಳು. ಹರಪನಹಳ್ಳಿಯಿಂದ ಸುದ್ದಿಯಿಲ್ಲ.


ಆಸೀಮನ ವಾಯ್ಸ್ ನೋಟು
ಕಜಾನ್, 1 ಡಿಸೆಂಬರ್, ರಾತ್ರಿ

ಕೈ ಅದ್ದತೀನಿ, ಅಕ್ಕ. ದಿನಾ ಅದ್ದತೀನಿ.

ಸಿಟ್ಟು ಇತ್ತು. ಸಿಟ್ಟಿಗಿಂತ, ಏನಂತ ಮಾತಾಡ್ಲಿ ಅಂತ ಇತ್ತು. ಆ ಕುದುರಿ ಕಥಿ ಕಟ್ಟಿದಾವ ನಾನ ಮತ್ತ. ಬಿಡು, ನಿನ್ನಿ ಏನಾತು ಅಂತ ಕೇಳು.

ಅಪಾ ಬಿಡ್ಲಿಲ್ಲ, ಆ ಸಭಿಗಿ ಕರಕೊಂಡು ಹೋದ್ಲು. ಯಾವುದೋ ಅಪಾರ್ಟ್‌ಮೆಂಟಿನ ಮನಿ. ಅರಮನಿ ಇರ್ತೈತಿ ಅಂದ್ಕೊಂಡಿದ್ದೆ. ಒಳಗ ಇದ್ದವರು ಯಾರು ಅಂದ್ರ ಒಬ್ಬ ಟ್ರಾಮ್ ಓಡಿಸಾವ, ಇಬ್ಬರು ನರ್ಸಮ್ಮಗಳು, ಒಬ್ಬ ಹಲ್ಲಿನ ಡಾಕ್ಟ್ರು. ಸಣ್ಣ ಹುಡುಗಿ ಎದ್ದು ಏಳು ಹೆಸರು ಪಟಪಟ ಹೇಳಿ ಕುಂತ್ಲು. ಎಲ್ಲಾರೂ ನನ್ನ ಕಡಿ ನೋಡಿದ್ರು.

ನಾನು ಏಳು ಹೆಸರು ತಯಾರ್ ಮಾಡ್ಕೊಂಡು ಹೋಗಿದ್ದೆ, ಸುಳ್ಳ್ಯಾಕ ಹೇಳ್ಲಿ. ಮೂರು ಹೊಸಾವು ಕಟ್ಟಿದ್ದೆ, ಕೊನಿದು ತೈಮೂರ್ ಬೇಗ್. ಎದ್ದು ನಿಂತು ರಾಜಾಸಾಬ ಅಂದೆ, ನೂರಸಾಬ ಅಂದೆ. ಅಷ್ಟಕ್ಕ ನೀನು ಬರದಿದ್ದು ಕಣ್ಣ ಮುಂದ ಬಂತು. ಅಜ್ಜ ಬಾವಿಯಾಗಿಂದ ಕೈ ಮ್ಯಾಲ ಮಾಡ್ಯಾನ. ಪೀರಸಾಬ, ಇಮಾಮಸಾಬ ಅಂದೆ, ಅಲ್ಲಿಗೇ ನಿಲ್ಲಿಸಿದೆ. ಫೋನ್ ತಗದು ಅದಕ್ಕ ಹೇಳಿದೆ, ನಾವು ಮುರ್ಜಾ ಅಲ್ರಿ, ಮಿಸ್ತ್ರಿ ಅಂತ. ಫೋನು ಅದನ್ನ ಅವರ ಭಾಷಿಗಿ ಏನಂತ ತಿರುವಿತು ಗೊತ್ತೇನು? 'ಮಾಸ್ತೆರ್' ಅಂತು. ಡಿಪೋದಾಗ ರಿನಾತ್‌ಗ ಅದನ್ನ ಅಂತಾರ. ಕೆಲಸ ಬಲ್ಲವನು ಅಂತ. ಟ್ರಾಮಿನವನು ಎದ್ದು ಬಂದು ಕೈ ಕೊಟ್ಟ. ನನಗ ಅಲ್ಲೇ ಕುಂತು ಅಳಬೇಕು ಅನಿಸ್ತು.

ವಾಪಸ್ ಬರಾಗ ಬಸ್ಸಿನಾಗ ಅಪಾಗ ಎಲ್ಲಾ ಹೇಳಿದೆ, ಎಲೆ ಅಡಿಕಿಯಿಂದ ಹಿಡದು ಬೋರ್ಡಿನ ತನ. ಬೈತಾಳ ಅಂದ್ಕೊಂಡೆ. ಆಕಿ ಕಣ್ಣಾಗ ನೀರು ಬರೂ ತನ ನಕ್ಕಳು. ಆಮ್ಯಾಲ ತನ್ನ ಮಾತು ಹೇಳಿದ್ಲು. ಮುನ್ನೂರು ವರ್ಷದ ಹಿಂದ ಇಲ್ಲಿ ರಷ್ಯಾದ ದೊಡ್ಡ ದೊರಿ, ನಮ್ಮ ಕ್ರಿಸ್ತ ಧರ್ಮಕ್ಕ ಬರ್ರಿ, ಇಲ್ಲಾಂದ್ರ ಜಮೀನು ಬಿಡ್ರಿ ಅಂದನಂತ. ಎಷ್ಟೋ ಮುರ್ಜಾಗಳು ಜಮೀನು ಬಿಟ್ರು. ಮರದ ತೊಗಟಿ ಹೆಣದು ಮಾಡಿದ ಚಪ್ಪಲಿ ಮೆಟ್ಟಿ ಹೊಲ ಉತ್ತರು. ಮಂದಿ ಅವರಿಗಿ 'ಚಬಾತಾಲಿ ಮುರ್ಜಾ' ಅಂದ್ರಂತ, ತೊಗಟಿ ಚಪ್ಪಲಿ ಸರದಾರ. ಆದ್ರೂ ಹೆಸರು ಬಿಡ್ಲಿಲ್ಲ. ಬಿಟ್ಟಿದ್ದು ಅಪಾನ ಅಜ್ಜ. ರಾಜರ ಕಾಲ ಮುಗದು ಕಮ್ಯುನಿಸ್ಟ್ ಸರ್ಕಾರ ಬಂದಾಗ ಮುರ್ಜಾ ಅಂದ್ರ ಹಿಡಕೊಂಡು ಹೋಗ್ತಿದ್ರಂತ. ಆತ ಊರು ಬಿಟ್ಟು, ಮುರ್ಜಿನ್ ಅನ್ನಾದು ಬಿಟ್ಟು ತಿಮೆರ್ಚೆವ್ ಆದ. ಕಮ್ಮಾರನ ಹೆಸರಿನಾಗ ಅಡಗಿಕೊಂಡ. ಅಡಗಿದ ಮ್ಯಾಲ ಖರೇನ ಕಮ್ಮಾರಕಿ ಕಲ್ತನಂತ, ಹೆಸರಿಗಿ ಸುಳ್ಳಾಗಬಾರದು ಅಂತ.

ಅಪಾ ಅಂದ್ಲು, ನಾವು ಕಮ್ಮಾರನ ಕೆಳಗ ಸರದಾರನ್ನ ಮುಚ್ಚಿಟ್ವಿ, ನೀವು ಸರದಾರನ ಕೆಳಗ ಕಮ್ಮಾರನ್ನ ಮುಚ್ಚಿಟ್ಟೀರಿ. ನಾವು ಜೀವಕ್ಕ ಅಂಜಿದ್ವಿ. ನೀವು ಯಾರಿಗಿ ಅಂಜಿದ್ರಿ?

ಇದರ ಜವಾಬು ನಿನಗ ಮೊದಲ ಗೊತ್ತಿತ್ತು. ನೀನು ಮಾಡಿದ್ದು ಸರಿ, ಅಕ್ಕ. ಅವರು ಬರದಿದ್ರೂ ಸರಿ. ಅಪ್ಪಗ ಹೇಳು, ನನಗ ಸಿಟ್ಟಿಲ್ಲ ಅಂತ. ಇಲ್ಲ, ಬ್ಯಾಡ. ನಾನ ಹೇಳ್ತೀನಿ.


ನೂರೀನ ಬರೆದದ್ದು
ಹಗರಿಬೊಮ್ಮನಹಳ್ಳಿ, 8 ಡಿಸೆಂಬರ್

ಆಸೀಮ,

ಇವತ್ತು ಸಂಜೆ ಶಾಲೆಯಿಂದ ಬಂದು ಅಂಗಡಿಯಲ್ಲಿ ಅಪ್ಪನಿಗೆ ಚಹಾ ಕೊಡುತ್ತಿದ್ದೆ. ಫೋನ್ ಬಂತು. ಅಪ್ಪನ ಕೈಗೆಲ್ಲ ಗ್ರೀಸು, ಸ್ಪೀಕರಿಗೆ ಹಾಕು ಎಂದ. ಹಾಕಿದೆ.

"ಮಿಸ್ತ್ರಿಯವ್ರ ಮನೇನಾ ಇದು?"

ಮುಬೀನಾ ಅವರ ದನಿ. ಅಪ್ಪನ ಮುಖ ನಾನು ನೋಡಲಾರದೆ ಚಹಾದ ಲೋಟ ನೋಡಿದೆ. ಆಡಿಕೊಳ್ಳುತ್ತಿದ್ದಾರೋ ಏನೋ ತಿಳಿಯಲಿಲ್ಲ. ಅಪ್ಪ ಕೈಯನ್ನು ಬನಿಯನ್ನಿಗೆ ಒರೆಸಿದ, ಮತ್ತೆ ಒರೆಸಿದ.

"ಹೌದ್ರಿ" ಎಂದ. "ಮಿಸ್ತ್ರಿನ ಮಾತಾಡಾದು."

ಆಮೇಲೆ ಆಕೆ ಹೇಳಿದ್ದು ಇದು. ಮೊದಲನೇ ಸಲ ಬಂದ ದಿನವೇ ಮುಬಶ್ಶಿರ ನಮ್ಮ ಬೋರ್ಡ್ ಓದಿದ್ದನಂತೆ. ಬಿಸಿಲಿಗೆ ಹಳದಿ ಬಣ್ಣ ತೆಳುವಾಗಿ, ಜಾ ಕೆಳಗೆ ತಕಾರದ ಒತ್ತು, ರಕಾರದ ಒತ್ತು ಎರಡೂ ಕಾಣುತ್ತಿವೆಯಂತೆ. ಬಸ್ಸಿನಲ್ಲೇ ತಾಯಿಗೆ ಹೇಳಿದ್ದಾನೆ, ಅಲ್ಲಿ ಮೊದಲು ಮಿಸ್ತ್ರಿ ಅಂತ ಇತ್ತು ಎಂದು. ಇಲ್ಲಿ ದಿನಾ ಒತ್ತಕ್ಷರ ತಿದ್ದುವ ನಾನು ತಲೆಯೆತ್ತಿ ಒಮ್ಮೆಯೂ ನೋಡಿರಲಿಲ್ಲ.

"ಯಾರು ಹೇಳ್ತಾರೆ, ಯಾವಾಗ ಹೇಳ್ತಾರೆ ಅಂತ ನೋಡಾಕೆ ವಂಶ ಹೇಳ್ರಿ ಅಂದಿದ್ದು" ಎಂದರು. "ಹುಡುಗಿ ಹೇಳಿದ್ಲು. ನೀವು ಒಳಗೆ ಹೋಗಿ ಕುಂತ್ರಿ. ಶುಕ್ರವಾರ ಬರ್ತೀವಿ. ಈ ಸಲ ನೀವೇ ಹೇಳ್ಬೇಕು, ಆ ಇಂಜಿನ್ ಕಥೆ."

ವಂಶ ಹೇಳುವ ಪದ್ಧತಿ ಅವರಲ್ಲಿ ಇಲ್ಲವೇ ಇಲ್ಲವಂತೆ. ನೋಡು, ಅವರೂ ಒಂದು ಸುಳ್ಳು ಹೇಳಿದ್ದಾರೆ.

ಹಿರಿಯರು ಏನನ್ನುತ್ತಾರೋ ಶುಕ್ರವಾರವೇ ತಿಳಿಯಬೇಕು. ಅಪ್ಪ ಫೋನ್ ಇಟ್ಟ ಮೇಲೆ ಮಂಜಣ್ಣನಿಗೆ ಹೇಳಿ ಕಳಿಸು ಎಂದ. ಆಮೇಲೆ ಬೇಡ ಎಂದ. ತಾನೇ ಏಣಿ ಹಾಕಿ ಹತ್ತಿ ಸೀಮೆಎಣ್ಣೆಯ ಬಟ್ಟೆಯಲ್ಲಿ ತಿಕ್ಕಿದ. ಕೆಳಗೆ ಅಜ್ಜಿ ಕುರ್ಚಿ ಹಾಕಿಕೊಂಡು ಕೂತು, "ಮಿ ಅಳಿಸಬ್ಯಾಡ" ಎನ್ನುತ್ತಿದ್ದಳು. ಹೊಸ ಕೆಂಪು ಹೋಗಿ ಹಳೆಯದು ಮಸುಕಾಗಿ ಎದ್ದಿದೆ. ಓದಲು ಬರುತ್ತದೆ. ಅಪ್ಪ ಇಳಿದು ಬಂದು ನನ್ನನ್ನು ನೋಡಿ, "ಅವರ ಮುಂದ ಅಬ್ಬಾ ಅನ್ನಬ್ಯಾಡ, ಅಪ್ಪ ಅಂತನ ಕರಿ" ಎಂದ.

ಅಕ್ಕ


ಆಸೀಮನ ವಾಯ್ಸ್ ನೋಟು
ಕಜಾನ್, 9 ಡಿಸೆಂಬರ್, ರಾತ್ರಿ

ಅಕ್ಕ, ಓದಿ ಮೆಟ್ಟಿಲ ಮ್ಯಾಲಿಂದ ಎದ್ದು ಕುಣದೆ. ಕೆಳಗಿನ ಮನಿಯಾಕಿ ಬಾಗಿಲ ತಗದು ಬೈದು ಹೋದ್ಲು. ಏನಂದ್ಲೋ ಗೊತ್ತಿಲ್ಲ, ನಾನು ರಹ್ಮತ್ ಅಂದೆ, ಅಂದ್ರ ಶುಕ್ರಿಯಾ.

ಆ ಹುಡುಗ ಭಾಳ ಚಾಲಾಕ ಅದಾನ. ಒತ್ತಕ್ಷರ ಓದಾಕ ಮಾತ್ರ ಬರ್ತೈತಿ ಅಂತ ನಿನಗ ಹೇಳೇ ಹೋಗ್ಯಾನ, ನೀನ ತಿಳಕೊಳ್ಳಿಲ್ಲ, ಟೀಚರಮ್ಮ.

ನನ್ನ ಪಾಸ್‌ಪೋರ್ಟ್ ಮಾತ್ರ ಏನೂ ಮಾಡಾಕ ಬರಂಗಿಲ್ಲ, ಅದರ ಅವಧಿ ಮುಗಿಯೂ ತನ ಮನಿಯಾಗ ನಾನೊಬ್ಬನ ಮಿರ್ಜಾ. ಡಿಪೋದಾಗ ರಿನಾತ್ ಹೊಸ ಹೆಸರು ಇಟ್ಟಾನ, 'ಮಾಸ್ತೆರ್ ಮುರ್ಜಾ' ಅಂತ. ಅಪಾ ನಿನಗೊಂದು ತಲಿವಸ್ತ್ರ ಕೊಟ್ಟಾಳ, ಯಾರರ ಊರಿಗಿ ಬರೂವಾಗ ಕಳಸ್ತೀನಿ.

ಅಪ್ಪಗ ಈಗ ಇದನ್ನ ಕೇಳಸಬ್ಯಾಡ, ಮಕ್ಕೊಂಡಿರ್ತಾನ. ಆದ್ರ ಶುಕ್ರವಾರ ಇಂಜಿನ್ ಕಥಿ ಹೇಳಾಗ ನಾನೂ ಕೇಳಬೇಕು. ಅಪ್ಪ ಕಂಬಳಿ ಮರೀತಾನ, ನೋಡು ಬೇಕಾದ್ರ. ಬಿಚ್ಚಿದ ಸಾಲಿನಾಗನ ಇಟ್ಟ ಅನ್ನಾದು ಬಿಟ್ರ ಅದು ಕಥಿನ ಅಲ್ಲ. ಅವರು ಜುಮ್ಮಾ ನಮಾಜ್ ಮುಗಿಸಿ ಬಂದು, ಉಂಡು, ಕುಂದರಾದ್ರಾಗ ಮೂರೂವರಿ ಆಗ್ತೈತಿ. ನಿಮ್ಮ ಮೂರೂವರಿ ಅಂದ್ರ ನಂದು ಒಂದು ಗಂಟಿ, ಊಟದ ಹೊತ್ತು. ಅಪಾನೂ ಪಕ್ಕದಾಗ ಕುಂದರ್ತಾಳ. ಫೋನ್ ಸ್ಪೀಕರಿಗಿ ಹಾಕಿ ನಡುವ ಇಡು. ಶುಕ್ರವಾರ, ಮೂರೂವರಿಗಿ, ನೀನ ಹಚ್ಚು.